ಸೂರಿನ ನೀರು ಬಿದ್ದ ಜಾಗ

ರೋಹಿಣಿ ಮಳೆಯ ಮೊದಲ ಹನಿಗಳು ಹೆಂಚಿಗೆ ಬಡಿದದ್ದೇ ತಡ, ಅತ್ತೆ ಒಳಗಿಂದ ಕೂಗಿದರು: "ಹೊರಗೆ ಹೋಗಿ ನೋಡು, ನೀರು ಎಲ್ಲಿ ಬೀಳ್ತು ಅಂತ."

ಕೊಡೆ ಹಿಡಿದು ಅಂಗಳಕ್ಕಿಳಿದೆ. ಸಾಗರದ ಸೀಮೆಯಲ್ಲಿ ನಮ್ಮದು ಹೊಸದಾಗಿ ಕಟ್ಟಿದ ಮನೆ. ಜಗಲಿಯ ಬುಡದಿಂದ ದಣಪೆಯವರೆಗೆ ಮೂರಡಿ ಅಗಲದ ಮಣ್ಣಿನ ಪಟ್ಟಿ, ಅಲ್ಲಿಂದ ಪಾಗಾರದ ಗುಂಟ ತಿರುಗಿ ತುಳಸಿಕಟ್ಟೆಯವರೆಗೆ ಮತ್ತೊಂದು. ಒಂದು ಗಿಡವೂ ಇಲ್ಲದ ಕೆಂಪು ಮಣ್ಣು. ಸೂರಿನಿಂದ ಇಳಿದ ನೀರು ಆ ಮಣ್ಣಿನಲ್ಲಿ ಸಾಲಾಗಿ ಕುಳಿ ತೋಡುತ್ತ ಹೋಯಿತು. ಹೆಂಚಿನ ಸಾಲಿಗೊಂದು ಕುಳಿ, ಅಳೆದು ಅಗೆದ ಹಾಗೆ. ಮಳೆ ಹೊಳವಾದ ಮೇಲೆ ಅತ್ತೆ ಬಂದು ನೋಡಿ, "ಡೇರೆಗೆ ಈ ಬದಿ ಬೇಡ" ಎಂದರು.

ಮಲೆನಾಡಿನ ಅಂಗಳದಲ್ಲಿ ಮೊದಲು ಜಾಗ ಗೊತ್ತಾಗಬೇಕಾದದ್ದು ಡೇರೆಗೇ. ಅದು ಮೆಕ್ಸಿಕೋದ ಗುಡ್ಡಗಳ ಗಿಡ. 1791ರಲ್ಲಿ ಮ್ಯಾಡ್ರಿಡ್‌ನ ಸಸ್ಯವಿಜ್ಞಾನಿ ಕವಾನಿಲ್ಯೆಸ್, ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ನೆನಪಿಗೆ ಅದನ್ನು ಡೇಲಿಯಾ ಎಂದು ಕರೆದರು. ನಮ್ಮ ಹೆಂಗಸರ ಬಾಯಲ್ಲಿ ಅದು ಡೇರೆಯಾಯಿತು. ಮಳೆಗಾಲದಲ್ಲೇ ಅರಳಬೇಕು, ಆದರೆ ಬುಡದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಹಾಗಾಗಿ ಪಾಗಾರದ ಬುಡದಲ್ಲಿ ಮೊಣಕಾಲೆತ್ತರ ಏರಿ ಹಾಕಿ, ಮಣ್ಣಿಗೆ ಮರಳು, ಹಳೆಯ ಸಗಣಿ ಗೊಬ್ಬರ ಬೆರೆಸಿದೆವು. ಬೆಳಗಿನ ಬಿಸಿಲು ಬೀಳುವ ಜಾಗವೂ ಅದೇ.

ಗಿಡ ಆರಿಸಲು ನರ್ಸರಿಗೆ ಹೋಗಲಿಲ್ಲ, ಮನೆಮನೆಗೆ ಹೋದೆವು. ಕೆಳಗಿನ ಮನೆಯಾಕೆ ಅಟ್ಟದಿಂದ ಮಣ್ಣು ತುಂಬಿದ ಬುಟ್ಟಿ ಇಳಿಸಿ, ಬೇಸಗೆಯಿಡೀ ಮಲಗಿದ್ದ ಗಡ್ಡೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ನಾನು ದಪ್ಪನೆಯದಕ್ಕೆ ಕೈ ಹಾಕಿದೆ. ಅವರು ಅದನ್ನು ಬದಿಗಿಟ್ಟು ಸಪೂರದ್ದೊಂದನ್ನು ಕೊಟ್ಟರು. ಹಳೆಯ ಕಾಂಡದ ತುಣುಕು ಅಂಟಿಕೊಂಡಿದ್ದ ಅದರ ಕೊರಳಿನಲ್ಲಿ ಸಾಸಿವೆಯಷ್ಟು ಕೆಂಪು ಕಣ್ಣು! ಆ ಕೊರಳು ಮುರಿದುಹೋದ ಗಡ್ಡೆ ಎಷ್ಟು ಕೊಬ್ಬಿದ್ದರೂ ಚಿಗುರುವುದಿಲ್ಲ. ಇದು ಅರಿಶಿನ ಬಣ್ಣದ್ದು, ತವರಿಂದ ತಂದದ್ದು; ಇದು ಅಂಚು ಬಿಳಿಯ ಕೆಂಪು, ಮಗಳ ಮದುವೆಯ ವರ್ಷ ಬಂದದ್ದು. ಹೀಗೆ ಹೇಳುತ್ತ ಒಂದೊಂದನ್ನೂ ಬೇರೆ ಬೇರೆ ಬಾಳೆಲೆಯ ಚೂರಿನಲ್ಲಿ ಸುತ್ತಿಕೊಟ್ಟರು. ಬದಲಿಗೆ ನಮ್ಮಲ್ಲಿ ಕೊಡಲು ಅದುವರೆಗೆ ಏನೂ ಇರಲಿಲ್ಲ. "ಮುಂದಿನ ವರ್ಷ ಕೊಡು" ಎಂದರು.

ಡೇರೆಯಲ್ಲಿ ನೀಲಿ ಇಲ್ಲ. ನೀಲಿಗೆಂದು ದಣಪೆಯ ಕಂಬಕ್ಕೆ ಶಂಖಪುಷ್ಪ ಹಬ್ಬಿಸುವುದೆಂದಾಯಿತು.

ಎಲ್ಲರೂ ಡೇರೆಯ ಮಾತಾಡುತ್ತಿದ್ದಾಗ ನನಗೆ ಉಳಿದ ತಿಂಗಳುಗಳ ಚಿಂತೆ. ಡೇರೆಯ ಸಂಭ್ರಮ ಮುಗಿದ ಮೇಲೆ ಎಷ್ಟೋ ಮನೆಗಳ ಮುಂದೆ ಒಣ ಕೋಲುಗಳಷ್ಟೇ ನಿಂತಿರುವುದನ್ನು ಕಂಡಿದ್ದೇನೆ. ಅಂಗಳದಂಚು ವರ್ಷವಿಡೀ ದೇವರಿಗೂ ಮುಡಿಗೂ ಹೂ ಕೊಡಬೇಕು. ಬರೀ ಎಲೆಯ ಕ್ರೋಟನ್‌ಗೆ ಮುಂದಿನ ಜಾಗ ಬಿಡಲು ನನಗೆ ಮನಸ್ಸಿಲ್ಲ. ನಿತ್ಯಪೂಜೆಗೆ ನಂದಿಬಟ್ಟಲು, ದಾಸವಾಳ ಮೂಲೆಯಲ್ಲಿ. ದೀಪಾವಳಿಯ ಹೊತ್ತಿಗೆ ಸೇವಂತಿಗೆ. ಬೇಸಗೆಗೆ ಕನಕಾಂಬರ; ಜೊತೆಗೆ, ಹೊತ್ತಿಳಿದ ಮೇಲೆ ಬಿರಿದು ಬೆಳಗಾಗುವಾಗ ಮುದುಡುವ ಸಂಜೆಮಲ್ಲಿಗೆ. ಡೇರೆಯ ಮುಂದೆ ಕರ್ಣಕುಂಡಲ ಬೇಕೆಂದು ನಾನೇ ಹಟ ಹಿಡಿದೆ. ಅದರ ಬಲಿತ ಕಾಯಿ ಮುಟ್ಟಿದೊಡನೆ ಸಿಪ್ಪೆ ಸುರುಳಿ ಸುತ್ತಿಕೊಂಡು ಬೀಜ ಚಿಮ್ಮುತ್ತದೆ; ಒಮ್ಮೆ ಬಿತ್ತಿದರೆ ಮರುವರ್ಷ ಅಂಗಳದ ಕಲ್ಲುಗಳ ಸಂದಿಯಲ್ಲೂ ಏಳುತ್ತದೆ. ಏಳಲಿ.

ಸೂರಿನ ನೀರು ಬೀಳುವ ಬದಿಗೆ ಸುರುಳಿ ಸುಗಂಧಿ. ಅದಕ್ಕೆ ತೇವವೇ ಪ್ರೀತಿ. ಆಳೆತ್ತರ ಬೆಳೆದು, ಸಂಜೆ ಬಿಳಿ ಚಿಟ್ಟೆಗಳಂತೆ ಅರಳಿ, ಜಗಲಿಯಲ್ಲಿ ಕೂತವರಿಗೆ ಕತ್ತಲಲ್ಲೂ ತಾನಿರುವುದನ್ನು ತಿಳಿಸುತ್ತದೆ.

ಮೃಗಶಿರಾ ಮಳೆ ಹಿಡಿಯುವ ಮುನ್ನ ಎಲ್ಲವೂ ನೆಲ ಸೇರಿದವು. ಪಾಗಾರದ ಕೆಲಸ ಮುಗಿಸಲು ಬಂದಿದ್ದ ಆಳು ಕಳೆ ಕೀಳುತ್ತ ದಣಪೆಯ ಬಳಿ ಒಂದು ಬಳ್ಳಿಗೆ ಕೈ ಹಾಕಿದ. ಎಲೆಯ ತುದಿ ಕುಡಿಯಂತೆ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಂಡಿತ್ತು. ಅತ್ತೆ ಜಗಲಿಯಿಂದಲೇ ತಡೆದರು. ಗೌರಿ ಹೂವಿನ ಬಳ್ಳಿ ಅದು, ಯಾರೂ ನೆಡದೆ ಬಂದದ್ದು. ಮಳೆಗಾಲ ತುಂಬಿದಾಗ ಹಳದಿ ಕೆಂಪಿನ ಹೂ ಬಿಡುತ್ತದೆ. ದಿನ ಕಳೆದಂತೆ ಹಳದಿ ಮಾಸಿ ಹೂವೆಲ್ಲ ಕೆಂಪಾಗುತ್ತದೆ. ಗಡ್ಡೆಯಲ್ಲಂತೂ ಕಡು ವಿಷ. ಮಕ್ಕಳನ್ನು ಕರೆದು ಬಳ್ಳಿ ತೋರಿಸಿ, ಬುಡ ಅಗೆಯಬಾರದೆಂದು ಮೂರು ಸಲ ಹೇಳಿದರು. ಆಮೇಲೆ ಅಡಿಕೆ ದಬ್ಬೆಯೊಂದನ್ನು ತಂದು ಊರಿ, ಬಾಳೆಪಟ್ಟೆಯ ನಾರಿನಿಂದ ಬಳ್ಳಿಯನ್ನು ಸಡಿಲವಾಗಿ ಕಟ್ಟಿದರು.