ಹೂವಿದ್ದರೂ ಮನೆಯಿಲ್ಲದ ನೊಣ

ತೋಟದಂಚಿನ ಹೂಗಿಡಗಳ ಬಳಿ ಗಾಳಿಯಲ್ಲಿ ಒಂದೇ ಕಡೆ ನಿಂತಂತೆ ಹಾರುವ ಪಟ್ಟೆ ಮೈಯ ಕೀಟವನ್ನು ಬೆಳೆಗಾರ ಬಾಂಧವರೆಲ್ಲ ಕಂಡಿರುತ್ತೀರಿ. ನೋಡಲು ಜೇನಿನಂತಿದ್ದರೂ ಅದು ಜೇನಲ್ಲ. ಜೇನಿಗೆ ಎರಡು ಜೊತೆ ರೆಕ್ಕೆ, ಇದಕ್ಕೆ ಒಂದೇ ಜೊತೆ. ಕುಟುಕುವುದೂ ಇಲ್ಲ. ಇದೇ ಹೂನೊಣ.

ಪ್ರಪಂಚದಲ್ಲಿ ಸುಮಾರು 6,000 ಜಾತಿಯ ಹೂನೊಣಗಳಿವೆ. ಬೆಳೆದ ನೊಣಗಳ ಆಹಾರ ಮಕರಂದ ಮತ್ತು ಪರಾಗ. ಮರಿಹುಳುಗಳ ಊಟ, ವಾಸ ಮಾತ್ರ ಜಾತಿಗೊಂದು ಬಗೆ. ಇದನ್ನರಿಯದೆ ಹೂನೊಣಗಳನ್ನು ಉಳಿಸಲಾಗದು ಎಂಬುದಕ್ಕೆ ಸ್ಕಾಟ್ಲೆಂಡಿನ ಅಪರೂಪದ ಪೈನ್ ಹೂನೊಣವೇ ನಿದರ್ಶನ.

ಕಪ್ಪು ಮೈ, ಕೆಂಪು ಹಿಂತುದಿಯ ಈ ನೊಣ ಬೇಸಿಗೆಯಲ್ಲಿ ಕಾಡುಹೂಗಳಿಂದ ಹೊಟ್ಟೆ ಹೊರೆಯುತ್ತದೆ. ಆದರೆ ಮೊಟ್ಟೆಯಿಡಲು ಅದಕ್ಕೆ ದಪ್ಪನೆಯ ಪೈನ್ ಬೊಡ್ಡೆಯೇ ಆಗಬೇಕು. ಶಿಲೀಂಧ್ರ ತಗುಲಿ ತಿರುಳು ಕೊಳೆತು, ಪೊಟರೆಯಲ್ಲಿ ನೀರು ನಿಂತಿರಬೇಕು. ಮರಿಹುಳು ಬೆಳೆಯುವುದು ಆ ಕೊಳೆನೀರಿನಲ್ಲಿ. ಹಳೆಯ ಹೆಮ್ಮರಗಳು ಕಡಿಮೆಯಾದಂತೆ ಇಂತಹ ಬೊಡ್ಡೆಗಳೂ ವಿರಳವಾದವು. ಹೂವುಗಳು ಇದ್ದೇ ಇದ್ದವು, ನೊಣ ಮಾತ್ರ ಕೆಲವೇ ಜಾಗಗಳಿಗೆ ಇಳಿಯಿತು.

ಕೊನೆಗೆ ಅಲ್ಲಿನವರು ಪೈನ್ ಬೊಡ್ಡೆಗಳಲ್ಲಿ ಗುಳಿ ಕೊರೆದು, ಮರದ ಚೂರು ಮತ್ತು ನೀರು ತುಂಬಿ ಕೃತಕ ಮನೆ ಮಾಡಿಕೊಟ್ಟರು. ಹೈಲ್ಯಾಂಡ್ ವನ್ಯಜೀವಿ ಉದ್ಯಾನದಲ್ಲಿ ಮರಿಹುಳುಗಳನ್ನು ಸಾಕಿ ಕಾಡಿಗೆ ಬಿಟ್ಟರು. ಸುಮಾರು ಹತ್ತು ವರ್ಷ ಕಾಡಿನಲ್ಲಿ ಕಣ್ಣಿಗೆ ಬೀಳದಿದ್ದ ಬೆಳೆದ ನೊಣಗಳು 2022ರಲ್ಲಿ ಮತ್ತೆ ಕಂಡವು.

ಹಾಗೆಂದು ಬೇರುರೋಗ ತಗುಲಿದ ಬೊಡ್ಡೆಯನ್ನು ನಮ್ಮ ಕಾಫಿ ತೋಟದಲ್ಲಿ ಉಳಿಸಬೇಕೆಂದಲ್ಲ. ಅದನ್ನು ಬೇರುಸಹಿತ ತೆಗೆಯುವುದೇ ಸರಿ. ನಮ್ಮಲ್ಲಿ ಕಾಣುವ ಹಲವು ಹೂನೊಣಗಳ ಮರಿಗಳಿಗೆ ಬೊಡ್ಡೆ ಬೇಡ. ಅವು ಇರುವುದು ಗಿಡಹೇನುಗಳ ನಡುವೆ. ಕಿತ್ತಳೆ, ನಿಂಬೆಯ ಚಿಗುರಿಗೆ ಹೇನು ಮುತ್ತಿದಾಗ ಎಲೆ ಮಗುಚಿ ನೋಡಿರಿ. ಕಾಲಿಲ್ಲದ, ಒಂದು ತುದಿ ಚೂಪಾದ, ಮೆತ್ತಗಿನ ಹುಳು ಕಂಡೀತು. ಅದು ಚಿಗುರು ತಿನ್ನುವ ಹುಳುವಲ್ಲ, ಹೇನನ್ನು ಹಿಡಿದು ರಸ ಹೀರುವ ಹೂನೊಣದ ಮರಿ. ಬೆಳೆಯುವಷ್ಟರಲ್ಲಿ ನೂರಾರು ಹೇನುಗಳನ್ನು ಮುಗಿಸುತ್ತದೆ.

ಹೇನು ಕಂಡೊಡನೆ ಔಷಧಿ ಹೊಡೆದರೆ ಈ ಮರಿಯೂ ಸಾಯುತ್ತದೆ. ಹೇನು ಬೇಗ ಮರಳುತ್ತದೆ, ಅದನ್ನು ತಿನ್ನುವವರು ಮಾತ್ರ ಬೇಗ ಮರಳರು. ಆದ್ದರಿಂದ ಪಂಪು ಎತ್ತುವ ಮುನ್ನ ಎಲೆ ಮಗುಚಿರಿ. ಮರಿಹುಳು ಇದ್ದಲ್ಲಿ ನಾಲ್ಕಾರು ದಿನ ತಡೆಯಿರಿ. ಹೂ ಅರಳಿರುವಾಗಲಂತೂ ಸಿಂಪರಣೆ ಬೇಡ.