ಭದ್ರಾವತಿ ಉಕ್ಕಿಗೂ ಜಿನೀವಾ ಯಂತ್ರಕ್ಕೂ ಒಂದೇ ಲೆಕ್ಕ: ಟೆಸ್ಟ್ ರಿಪೋರ್ಟ್ ಯಾಕೆ ಕಳೆಯಬಾರದು?

ಭದ್ರಾವತಿ : ವಿಐಎಸ್‌ಎಲ್‌ನಲ್ಲಿ ದುಡಿದವರಿಗೆ ‘ಹೀಟ್ ನಂಬರ್’ ಅನ್ನೋ ಮಾತು ಹೊಸದಲ್ಲ. ಕುಲುಮೆಯಿಂದ ಒಂದು ಸಲಕ್ಕೆ ಇಳಿಸಿದ ಉಕ್ಕಿಗೆ ಒಂದು ನಂಬರ್. ಇಂಗಾಲ ಎಷ್ಟು, ಮ್ಯಾಂಗನೀಸ್ ಎಷ್ಟು ಅನ್ನೋ ಟೆಸ್ಟ್ ರಿಪೋರ್ಟ್ ಆ ನಂಬರ್ ಜೊತೆಗೇ ಹೋಗುತ್ತೆ. ನಾಳೆ ಎಲ್ಲೋ ಒಂದು ಶಾಫ್ಟ್ ಮುರಿದರೆ, ಅದೇ ಹೀಟ್‌ನ ಉಳಿದ ಮಾಲು ಎಲ್ಲೆಲ್ಲಿ ಹೋಗಿದೆ ಅಂತ ಹುಡುಕಲು ಆ ನಂಬರೇ ದಾರಿ.

ಜಗತ್ತಿನ ದೊಡ್ಡ ವಿಜ್ಞಾನ ಪ್ರಯೋಗವೊಂದು ನಡೆಯುತ್ತಿರುವುದೂ ಇದೇ ಲೆಕ್ಕದ ಮೇಲೆ.

ಏನಿದು ಯಂತ್ರ?

ಸ್ವಿಟ್ಜರ್ಲೆಂಡಿನ ಜಿನೀವಾ ಬಳಿ ಸರ್ನ್ ಸಂಶೋಧನಾ ಕೇಂದ್ರವಿದೆ. ಭಾರತ 2017ರಿಂದ ಇದರ ಸಹ ಸದಸ್ಯ ದೇಶ. ಇಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸಿ, ಹೊರಬರುವ ಕಣಗಳ ಜಾಡು ಹಿಡಿಯುತ್ತಾರೆ. ಇಲ್ಲಿನ ‘ಸಿಎಂಎಸ್’ ಎಂಬ ಪತ್ತೆ ಯಂತ್ರಕ್ಕಾಗಿ ತಯಾರಾದ ಸಿಲಿಕಾನ್ ಮಾಡ್ಯೂಲ್‌ಗಳು 15,148. ಒಂದೊಂದರಲ್ಲೂ 512 ಅಥವಾ 768 ತೆಳು ಪಟ್ಟಿಗಳು. ಒಟ್ಟು 90 ಲಕ್ಷಕ್ಕೂ ಹೆಚ್ಚು.

ಟೆಸ್ಟ್ ಹೇಗೆ?

ಇಷ್ಟನ್ನು ಒಂದೊಂದಾಗಿ ಕೈಯಲ್ಲಿ ನೋಡಲು ಆಗಲ್ಲ. ಕಂಪ್ಯೂಟರೇ ವೋಲ್ಟೇಜ್ ಏರಿಸಿ, ಸೋರುವ ಕರೆಂಟ್ ಅಳೆಯುತ್ತೆ. ಆಮೇಲೆ ಪ್ರತಿ ಪಟ್ಟಿಯ ‘ನಾಯ್ಸ್’ ನೋಡುತ್ತೆ. ಮಾಮೂಲಿಗಿಂತ ಹೆಚ್ಚಿದ್ದರೆ ಪಟ್ಟಿಯಲ್ಲಿ ದೋಷ ಇರಬಹುದು. ತೀರಾ ಕಡಿಮೆ ಇದ್ದರೂ ಖುಷಿಪಡುವಂತಿಲ್ಲ. ಕೂದಲಿಗಿಂತ ಸಣ್ಣ ಸಂಪರ್ಕ ತಂತಿ ಬಿಟ್ಟುಹೋಗಿರಬಹುದು.

ಡೇಟಾ ಹೇಗೆ ಇಡಬೇಕು?

ಇಂಥ ಟೆಸ್ಟ್ ಬೇರೆ ಬೇರೆ ದೇಶಗಳ ಲ್ಯಾಬ್‌ಗಳಲ್ಲಿ ನಡೆಯುತ್ತೆ. ಒಬ್ಬೊಬ್ಬರು ಒಂದೊಂದು ರೀತಿ ಬರೆದಿಟ್ಟರೆ ಹೊಂದಿಸುವುದೇ ಕಷ್ಟ. ಹಾಗಾಗಿ ಪಾಲಿಸಬೇಕಾದ ಕ್ರಮ ಇಷ್ಟು:

* ಪ್ರತಿ ಮಾಡ್ಯೂಲ್‌ಗೆ ಒಂದೇ ನಂಬರ್, ಎಲ್ಲಿಗೆ ಹೋದರೂ ಅದೇ.
* ಟೆಸ್ಟ್ ಮಾಡಿದ ದಿನ, ಯಂತ್ರ, ಉಷ್ಣಾಂಶ ರಿಪೋರ್ಟ್‌ನಲ್ಲೇ ಇರಬೇಕು.
* ಬರೀ ಪಾಸ್, ಫೇಲ್ ಸಾಲದು. ಯಂತ್ರ ಕೊಟ್ಟ ಮೂಲ ಅಂಕಿಗಳೂ ಉಳಿಯಬೇಕು.
* ಮರು ಟೆಸ್ಟ್ ಮಾಡಿದರೆ ಹಳೆಯದನ್ನು ಅಳಿಸುವಂತಿಲ್ಲ.

ಯಾಕಿಷ್ಟು ಕಟ್ಟುನಿಟ್ಟು? ಒಮ್ಮೆ ಒಳಗೆ ಕೂರಿಸಿದ ಮಾಡ್ಯೂಲನ್ನು ಬೇಕೆಂದಾಗ ಬಿಚ್ಚಲು ಆಗಲ್ಲ. ವರ್ಷಗಳ ನಂತರ ಒಂದು ಪಟ್ಟಿ ಕೈಕೊಟ್ಟರೆ, ದೋಷ ಮೊದಲೇ ಇತ್ತೋ ಆಮೇಲೆ ಬಂತೋ ಅಂತ ಹೇಳೋದು ಹಳೇ ಟೆಸ್ಟ್ ಮಾತ್ರ.

ಕೋಲಾರದಲ್ಲೂ ನಡೆದಿತ್ತು

ನಮ್ಮ ರಾಜ್ಯಕ್ಕೂ ಕಣ ಪತ್ತೆ ಕೆಲಸ ಹೊಸದಲ್ಲ. ಕೆಜಿಎಫ್ ಚಿನ್ನದ ಗಣಿಯಲ್ಲಿ, ನೆಲದಡಿ 2 ಕಿ.ಮೀ.ಗೂ ಹೆಚ್ಚು ಆಳದಲ್ಲಿ, 1965ರಲ್ಲೇ ವಾತಾವರಣದ ನ್ಯೂಟ್ರಿನೋಗಳು ಪತ್ತೆಯಾಗಿದ್ದವು. 1980ರ ದಶಕದಲ್ಲಿ ಪ್ರೋಟಾನ್ ಕ್ಷಯ ಹುಡುಕಲು ಅಲ್ಲಿ ಸುಮಾರು 1,600 ಕೌಂಟರ್‌ಗಳಿದ್ದವು. ಅಪರೂಪದ ಸಿಗ್ನಲ್ ಹುಡುಕುವಾಗ, ಬಂದದ್ದು ನಿಜವಾದ ಕಣವೋ ಕೌಂಟರ್‌ನ ದೋಷವೋ ಗೊತ್ತಾಗಬೇಕಾದರೆ ಪ್ರತಿ ಕೌಂಟರ್‌ನ ನಡತೆ ತಿಳಿದಿರಲೇಬೇಕು.

ನಮ್ಮ ವರ್ಕ್‌ಶಾಪ್‌ಗೆ ಏನು ಲಾಭ?

ಶಿವಮೊಗ್ಗ, ಮಾಚೇನಹಳ್ಳಿ, ಭದ್ರಾವತಿಯ ಫೌಂಡ್ರಿ, ವರ್ಕ್‌ಶಾಪ್‌ಗಳಿಗೂ ಇದು ಅನ್ವಯ. ಗಿರಾಕಿ ಮಾಲು ವಾಪಸ್ ಕಳಿಸಿದಾಗ ‘ಅವತ್ತು ಪಾಸ್ ಆಗಿತ್ತು’ ಅಂದರೆ ಯಾರೂ ಒಪ್ಪಲ್ಲ. ಮಷಿನ್‌ನಿಂದ ಬರುವ ಥರ್ಮಲ್ ಸ್ಲಿಪ್ ಅಂಗಡಿ ಬಿಲ್ಲಿನ ಹಾಗೆ ಮಾಸಿಹೋಗುತ್ತೆ. ಬ್ಯಾಚ್ ನಂಬರ್, ದಿನಾಂಕ ಹಾಕಿ ಫೈಲ್ ಸೇವ್ ಮಾಡಿ, ಇನ್ನೊಂದು ಕಾಪಿ ಬೇರೆ ಕಡೆ ಇಟ್ಟರೆ, ಕೇಳಿದ ದಿನ ಉತ್ತರ ಕೈಯಲ್ಲಿರುತ್ತೆ.