ಗೋಡೆಗೆ ಗಾರೆಯ ಹೊದಿಕೆ

1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಯಳಂದೂರಿನಲ್ಲಿ ಮಣ್ಣುಗೋಡೆಯ ಹಳೆಯ ಮನೆಯೊಂದು ನಮಗುಂಟು. ಸುಣ್ಣದ ಗಾರೆ ಹಳತಾಯಿತೆಂದು ಅದನ್ನು ಕೆತ್ತಿಸಿ, ಸಿಮೆಂಟು ಮೆತ್ತಿಸಿ, ಮೇಲೆ ಎಣ್ಣೆಬಣ್ಣ ಬಳಿಸಿದೆವು. ಮೂರನೆಯ ಮಳೆಗಾಲ ಕಳೆಯುವಷ್ಟರಲ್ಲಿ ಹೊದಿಕೆಯು ಹಪ್ಪಳದಂತೆ ಉಬ್ಬಿ ಎದ್ದಿತು. ಒಳಗಿನ ಮಣ್ಣು ಮುಟ್ಟಿದರೆ ಉದುರುತ್ತಿತ್ತು. ಭೌತವಿಜ್ಞಾನದ ಪಾಠ ಹೇಳುವ ನಮಗೆ ಇದು ಮೊದಲೇ ಹೊಳೆಯಬೇಕಾಗಿತ್ತು!

ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೆಲದ ತೇವವು ಗೋಡೆಯ ಸೂಕ್ಷ್ಮನಾಳಗಳಲ್ಲಿ ಮೇಲೇರುತ್ತದೆ. ಗಾರೆಯ ರಂಧ್ರಗಳ ಮೂಲಕ ಅದು ಆವಿಯಾಗಿ ಹೊರಬೀಳುತ್ತದೆ. ಸಿಮೆಂಟಿನ ಬಿಗಿ ಪದರವೂ ಬಣ್ಣದ ಪೊರೆಯೂ ಆ ದಾರಿಯನ್ನು ಕಟ್ಟಿದರೆ, ತೇವ ಹಿಂದೆಯೇ ನಿಂತು ಮಣ್ಣನ್ನು ಮೆತ್ತಗಾಗಿಸುತ್ತದೆ. ಅದರಲ್ಲಿ ಕರಗಿದ ಲವಣಗಳು ಹರಳುಗಟ್ಟುತ್ತ ಹೊದಿಕೆಯನ್ನು ಹೊರಕ್ಕೆ ನೂಕುತ್ತವೆ.

ಹಾಗಾದರೆ ಗಾರೆಯು ಮಳೆಗೆ ಕರಗದೆ ನಿಲ್ಲುವುದು ಹೇಗೆ? ಶುದ್ಧ ಸುಣ್ಣಕಲ್ಲು 100 ಗ್ರಾಂ ತೆಗೆದುಕೊಂಡು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಟ್ಟರೆ, 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ನೀರೆರೆದೊಡನೆ ಅದು ಕೊತಕೊತನೆ ಕುದಿದು ಅರಳುತ್ತದೆ. ಮರಳಿನೊಡನೆ ಅರೆದು ಗೋಡೆಗೆ ಮೆತ್ತಿದ ಮೇಲೆ, ಕಳೆದುಕೊಂಡ ಅನಿಲವನ್ನೇ ಗಾಳಿಯಿಂದ ಮರಳಿ ಪಡೆದು ಪುನಃ ಕಲ್ಲಾಗುತ್ತದೆ. ಬಣ್ಣವು ಗೋಡೆಯ ಮೇಲಿನ ಪೊರೆ. ಗಾರೆಯಾದರೋ ಗೋಡೆಯ ಮೇಲೆ ಹುಟ್ಟಿದ ಕಲ್ಲು. ಇದಕ್ಕೆ ತಿಂಗಳುಗಳೇ ಬೇಕು, ಆರಂಭದಲ್ಲಿ ತೇವವೂ ಬೇಕು. ಹಿಂದಿನವರು ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಬೆರೆಸುತ್ತಿದ್ದುದುಂಟು.

ಈಗ ಸಿಮೆಂಟನ್ನು ಕೆತ್ತಿಸುತ್ತಿದ್ದೇವೆ. ಗಾರೆ ಅರೆಯಬಲ್ಲ ವೃದ್ಧ ಕೆಲಸಗಾರರೊಬ್ಬರು ದೊರೆತಿದ್ದಾರೆ. ಹಿಂಗಾರು ಮಳೆ ಮುಗಿಯಲಿ ಎಂದಿದ್ದಾರೆ.